ಅಗೋ, ಅಲ್ಲೇ ಕಾಣತದ

೩ ಅಕ್ಟೋಬರ್ ೧೯೮೬, ಶುಕ್ರವಾರ. ಜೇವರ್ಗಿ

"ಬರೆದಿಟ್ಕೊರ್ರಿ" ಎಂದರು ಹೆಡ್‌ಮಾಸ್ತರ ಹಣಮಂತರಾಯರು. ಬರೆದಿಡುತ್ತಿದ್ದೇನೆ. ಇಲ್ಲದಿದ್ದರೆ ದಿನಚರಿ ಬರೆಯುವ ಚಟ ನನಗಿಲ್ಲ. ಹೋದ ವರ್ಷದ ಹಾಜರಿ ಪುಸ್ತಕದಲ್ಲಿ ಖಾಲಿ ಹಾಳೆಗಳು ಉಳಿದಿದ್ದವು, ಅವನ್ನೇ ಹೊಲಿದುಕೊಂಡಿದ್ದೇನೆ.

ಆದದ್ದಿಷ್ಟು. ಸೊಲ್ಲಾಪುರದ ಒಂದು ಗುಡ್ಡ ಏರುವ ಸಂಘದವರು ಡಿಸೆಂಬರಿನಲ್ಲಿ ಶಾಲೆಯ ಹುಡುಗಿಯರಿಗೆಂದು ಸಹ್ಯಾದ್ರಿಯಲ್ಲಿ ಶಿಬಿರ ಇಟ್ಟಿದ್ದಾರೆ. ಹತ್ತು ಹುಡುಗಿಯರು, ಜೊತೆಗೆ ಒಬ್ಬ ಟೀಚರು. ಆ ಕಾಗದ ಹಿಡಿದುಕೊಂಡು ಹೋದೆ. ಪಿ.ಟಿ. ಟೀಚರಾಗಿ ಏಳು ವರ್ಷದಲ್ಲಿ ನಾನು ಅವರನ್ನು ಕೇಳಿದ್ದು ಎರಡು ಥ್ರೋಬಾಲು, ಒಂದು ಸೀಟಿ. ಇದು ನಾಲ್ಕನೆಯದು. ಅವರು ಕಾಗದ ಓದಿ, ಕನ್ನಡಕ ತೆಗೆದು, ಇಡೀ ಸ್ಟಾಫ್‌ರೂಮಿಗೆ ಕೇಳುವಂತೆ ನಕ್ಕರು.

"ಶಿವಕಾಂತಾ ಬಾಯಾರ, ನಮ್ಮ ಹುಡುಗ್ಯಾರು ಎರಿ ಹೊಲದಾಗ ಹುಟ್ಟಿದವ್ರು. ಗುಡ್ಡ ಅಂದ್ರ ಅವರಿಗೆ ಪುಸ್ತಕದಾಗಿನ ಚಿತ್ರ. ಒಬ್ಬಾಕಿ ಬಿದ್ಲಂದ್ರ ಅವರಪ್ಪಗ ನೀವು ಜವಾಬು ಕೊಡ್ತೀರೋ, ನಾ ಕೊಡ್ಬೇಕೋ?"

"ಬೀಳಂಗಿಲ್ರಿ" ಎಂದೆ.

"ಹಂಗಾದ್ರ ಮೊದಲು ನೀವು ಏರಿ ಬರ್ರಿ. ಇದೇ ತಿಂಗಳು ದೊಡ್ಡವರದೂ ಶಿಬಿರ ಅದಂತಲ್ಲ. ಅದರಾಗಿನ ಮೂರೂ ಗುಡ್ಡ ಏರಿ, ಸರ್ಟಿಫಿಕೇಟ್ ತಂದು ಈ ಟೇಬಲ್ ಮ್ಯಾಲ ಇಡ್ರಿ. ಹತ್ತು ಹುಡುಗ್ಯಾರ ಕಾಗದಕ್ಕ ಅಲ್ಲೇ ಸಹಿ ಹಾಕ್ತೇನಿ. ಕಾಗದ ಇಲ್ಲಂದ್ರ ಸಹಿ ಇಲ್ಲ. ಮತ್ತ ಮೂರನೇ ದಿನಕ್ಕ ನೀವು ವಾಪಸ್ ಬರ್ತೀರಿ. ಬರೆದಿಟ್ಕೊರ್ರಿ."

ಮೂರನೇ ದಿನದ ಮಾತು ನನಗೆ ಹೊಸದಲ್ಲ. ಕರಜಗಿಯ ಗಂಡನ ಮನೆಯಿಂದ ಟ್ರಂಕು ಹಿಡಿದು ಬಂದಾಗಲೂ ಅಲ್ಲಿನವರು ಹೀಗೇ ಅಂದಿದ್ದರು, ಮೂರು ದಿನಕ್ಕೆ ತಾನೇ ತಿರುಗಿ ಬರುತ್ತಾಳೆ ಎಂದು. ಒಂಬತ್ತು ವರ್ಷವಾಯಿತು. ಹಣಮಂತರಾಯರಿಗೆ ಇದು ಗೊತ್ತಿಲ್ಲ, ಅಥವಾ ಗೊತ್ತಿದ್ದೇ ಅಂದರು.

೮ ಅಕ್ಟೋಬರ್, ಬುಧವಾರ

ಜೇವರ್ಗಿಯಲ್ಲಿ ಏರಲು ಇರುವುದು ಎರಡು. ಒಂದು ನಮ್ಮ ಮಾಳಿಗೆಯ ಏಣಿ, ಇನ್ನೊಂದು ನೀರಿನ ಟಾಕಿ. ಟಾಕಿಯ ಕಾವಲಿನವನು ಹೆಂಗಸರನ್ನು ಏರಲು ಬಿಡುವುದಿಲ್ಲವಂತೆ. ಹಾಗಾಗಿ ಐದು ದಿನದಿಂದ ಬೆನ್ನಿಗೆ ಹತ್ತು ಕಿಲೋ ಜೋಳದ ಚೀಲ ಕಟ್ಟಿಕೊಂಡು ಮಾಳಿಗೆ ಏರುತ್ತೇನೆ, ಇಳಿಯುತ್ತೇನೆ. ಬೆಳಿಗ್ಗೆ ನಲವತ್ತು ಸಲ, ಸಂಜೆ ನಲವತ್ತು ಸಲ. ಮಾಳಿಗೆಯ ಮಣ್ಣು ಉದುರಿ ಅವ್ವನ ಹಿಟ್ಟಿನ ಬುಟ್ಟಿಯಲ್ಲಿ ಬಿತ್ತು.

"ಎಷ್ಟು ಏರಿದ್ರೂ ಇಳೀಲೇಬೇಕಲ್ಲ ಬೇ" ಎಂದಳು ಅವ್ವ. ಅವಳ ಹೆಸರು ಸಾಬವ್ವ, ಆ ಹೆಸರೆತ್ತಿದರೆ ನಮ್ಮ ಹಳ್ಳಿ ಅಂದೋಲಾದ ಇಡೀ ಓಣಿ ಹೆದರುತ್ತದೆ, ಕೈಗಲ್ಲ, ಬಾಯಿಗೆ. "ಅಲ್ಲಿ ಮ್ಯಾಲ ಏನ್ ಸಿಗತದ?"

"ಏನೂ ಸಿಗಂಗಿಲ್ಲ."

"ಹಂಗಾದ್ರ ಹೋಗು. ಏನರೆ ಸಿಗತದ ಅಂತ ಹೋದವ್ರೇ ಬರಿಗೈಲೆ ಬಂದಾರ."

ಬೆನ್ನಿನ ಮೇಲೆ ಹೊರುವುದು ನನಗೆ ಒಗ್ಗುತ್ತಿಲ್ಲ. ನಮ್ಮ ಕಡೆ ಬೆನ್ನಿನ ಮೇಲೆ ಹೊರುವುದು ಕತ್ತೆ. ಹೆಂಗಸರು ತಲೆಯ ಮೇಲೆ ಹೊರುತ್ತಾರೆ. ಹಳೆ ಸೀರೆಯ ತುಂಡನ್ನು ಬಳೆಯ ಹಾಗೆ ಸುತ್ತಿ ನೆತ್ತಿಗೆ ಸಿಂಬಿ ಇಟ್ಟುಕೊಂಡರೆ ಎರಡು ಕೊಡ ನೀರು ಕೈಬಿಟ್ಟು ಮೈಲುಗಟ್ಟಲೆ ನಡೆಯಬಹುದು. ಸಿಂಬಿಯನ್ನೂ ಗಂಟಿನಲ್ಲಿ ಇಟ್ಟುಕೊಂಡಿದ್ದೇನೆ. ನೋಡೋಣ.

ಸಂಜೆ ಊರ ಹೊರಗೆ ನಡೆಯಲು ಹೋದಾಗ ಒಂಬತ್ತನೆಯ ತರಗತಿಯ ಮರೆಮ್ಮ ಹಿಂದೆಯೇ ಬಂದಳು. ನನ್ನ ಪಟ್ಟಿಯಲ್ಲಿ ಮೊದಲ ಹೆಸರು ಅವಳದು. ಕಾಲಲ್ಲಿ ಚಪ್ಪಲಿ ಇಲ್ಲದೆ ಗಂಡುಹುಡುಗರನ್ನು ಓಟದಲ್ಲಿ ಹಿಂದೆ ಹಾಕುವ ಹುಡುಗಿ.

"ಟೀಚರ್, ಗುಡ್ಡ ಎಷ್ಟು ದೂರ ಅದ್ರಿ?"

ನಮ್ಮಲ್ಲಿ ಯಾವ ಊರು ಎಷ್ಟು ದೂರ ಎಂದು ಕೇಳಿದರೂ ಉತ್ತರ ಒಂದೇ. ಬೆರಳು ಮಾಡಿ "ಅಗೋ, ಅಲ್ಲೇ ಕಾಣತದ" ಎನ್ನುತ್ತಾರೆ. ಮೈಲು ಹೇಳುವುದಿಲ್ಲ, ತಾಸು ಹೇಳುವುದಿಲ್ಲ. ಎರೆಭೂಮಿಯಲ್ಲಿ ಕಂಡದ್ದು ಮುಟ್ಟುತ್ತದೆ, ಮೂಗಿನ ನೇರಕ್ಕೆ ನಡೆದರಾಯಿತು. ಬೆರಳು ಮಾಡಲು ನಾಲ್ಕೂ ಕಡೆ ನೋಡಿದೆ. ತೊಗರಿ ಹೊಲ, ಅದರಾಚೆ ಇನ್ನೊಬ್ಬರ ತೊಗರಿ ಹೊಲ.

"ನೋಡಿ ಬಂದು ಹೇಳ್ತೇನಿ" ಎಂದೆ.

೧೨ ಅಕ್ಟೋಬರ್, ಭಾನುವಾರ. ರೈಲಿನಲ್ಲಿ

ಇವತ್ತು ದಸರೆ. ಗಂಡಸರೆಲ್ಲ ಸೀಮೋಲ್ಲಂಘನ ಎಂದು ಊರ ಗಡಿಯಾಚೆಯ ಬನ್ನಿಗಿಡದ ತನಕ ಹೋಗಿ, ಮಂಡಕ್ಕಿ ತಿಂದು ಮನೆಗೆ ಬಂದರು. ನಾನು ಬ್ಯಾಗು ಹೊತ್ತು ಬಸ್ ಸ್ಟ್ಯಾಂಡಿಗೆ ಹೋದೆ. ಹಣಮಂತರಾಯರು ಅಲ್ಲೇ ಚಹಾ ಅಂಗಡಿಯಲ್ಲಿ ಕೂತಿದ್ದರು. ಎದ್ದು ಬಂದು ನನ್ನ ಕೈಗೆ ಎರಡು ಬನ್ನಿ ಎಲೆ ಇಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರ್ರಿ. ಬುಧವಾರ ಭೇಟಿ ಆಗೋಣ" ಎಂದರು. ಬುಧವಾರ ಎಂದರೆ ಮೂರನೇ ದಿನ.

ಆ ಎಲೆಗಳನ್ನು ಈ ಪುಸ್ತಕದಲ್ಲೇ ಇಟ್ಟಿದ್ದೇನೆ. ಮೂರೂ ಶಿಖರಕ್ಕೆ ಒಯ್ದು, ತಿರುಗಿ ತಂದು, ಸರ್ಟಿಫಿಕೇಟಿನ ಮೇಲೆ ಇಟ್ಟು ಅವರ ಟೇಬಲ್ಲಿಗೆ ಕೊಡುತ್ತೇನೆ. ಅವರ ಮುಖ ಹೇಗಾಗುತ್ತದೆ ಎಂದು ನೆನೆದುಕೊಂಡೇ ಗುಲ್ಬರ್ಗಾ ಮುಟ್ಟಿದೆ.

ಸ್ಟೇಷನ್ನಿನಲ್ಲಿ ಅದೇ ಶಿಬಿರಕ್ಕೆ ಹೊರಟ ಇನ್ನೊಬ್ಬಳು ಸಿಕ್ಕಳು. ಆಳಂದದ ನರ್ಸು, ನಜಮುನ್ನಿಸಾ ಎಂದು ಹೆಸರು, ನನಗಿಂತ ನಾಲ್ಕೈದು ವರ್ಷ ದೊಡ್ಡವಳು. ಹೆಂಗಸರು ನಾವಿಬ್ಬರೇ ಅಂತೆ. ನೀವು ಯಾಕೆ ಬಂದಿರಿ ಎಂದೆ. "ಹದಿನೈದು ದಿನ ರಜಾ ಉಳದಿತ್ರಿ. ಮನಿಯಾಗ ಕುಂತ್ರ ಅತ್ತಿ ಕೆಲಸ ಹಚ್ತಾಳ" ಎಂದಳು. ಡಬ್ಬಿ ಬಿಚ್ಚಿ ಚಪಾತಿ ಕೊಡಲು ಬಂದಳು. ಹಸಿವಿಲ್ಲ ಎಂದೆ. ಹಸಿವಿತ್ತು. ಆಮೇಲೆ ಆ ಕಡೆ ತಿರುಗಿ ಕೂತು ನನ್ನ ಗಂಟಿನ ರೊಟ್ಟಿ ತಿಂದೆ. ನೀರಿನ ಬಾಟಲಿಯೂ ನನ್ನದು ನನಗಿದೆ.

೧೪ ಅಕ್ಟೋಬರ್, ಮಂಗಳವಾರ. ರತನವಾಡಿ

ಪುಣೆಯಿಂದ ಎರಡು ಬಸ್ಸು, ಹಿನ್ನೀರಿನ ಮೇಲೆ ಒಂದು ಲಾಂಚು. ಲಾಂಚು ತಿರುವಿನಲ್ಲಿ ಹೊರಳಿದ್ದೇ ತಡ, ಎದುರಿಗೆ ಗುಡ್ಡ ಎದ್ದು ನಿಂತಿತು. ಇಷ್ಟು ದಿನ ಆಕಾಶ ಎಂದರೆ ತಲೆಯ ಮೇಲೆ ಇರುವುದು ಎಂದುಕೊಂಡಿದ್ದೆ. ಇಲ್ಲಿ ಅರ್ಧ ಆಕಾಶವನ್ನು ಗುಡ್ಡ ತಿಂದಿದೆ. ಹೆದರಿಕೆಯಾಯಿತು. ಇದನ್ನು ಹಣಮಂತರಾಯರು ಓದುವುದಿಲ್ಲ, ಆದ್ದರಿಂದ ಬರೆದಿದ್ದೇನೆ.

ನಮ್ಮ ಮುಖ್ಯಸ್ಥ ಅಣ್ಣಾರಾಯ ಎಂಬ ನಿವೃತ್ತ ಸುಬೇದಾರ. ಸೊಲ್ಲಾಪುರದ ಕನ್ನಡ ಮನೆಯವರು, ಒಂದು ಕಾಲು ಮರಾಠಿಯಲ್ಲಿ, ಒಂದು ಕಾಲು ಕನ್ನಡದಲ್ಲಿ. ನಗುವುದು ಗೊತ್ತೇ ಇಲ್ಲ. ಶಿಬಿರಕ್ಕೆ ಬಂದ ಒಂಬತ್ತೂ ಮಂದಿಯನ್ನು ಸಾಲಾಗಿ ನಿಲ್ಲಿಸಿ ಹೇಳಿದರು: "ರೂಲ್ ಎರಡೇ. ಒಂದು, ನಾ ತೋರಿಸಿದ ದಾರಿ ಬಿಡಬಾರದು. ಎರಡು, ತನ್ನ ಚೀಲ ತಾನೇ ಹೊರಬೇಕು. ಯಾವುದರೆ ಒಂದು ಮುರಿದ್ರ ಸರ್ಟಿಫಿಕೇಟ್ ಇಲ್ಲ. ಆಮ್ಯಾಲ ನನ್ನ ಮುಂದ ಅಳಬಾರದು."

ನಾನು ಅಳುವವಳ ಹಾಗೆ ಕಂಡೆನೋ ಏನೋ, ನನ್ನನ್ನೇ ನೋಡಿ ಹೇಳಿದರು.

೧೫ ಅಕ್ಟೋಬರ್, ಬುಧವಾರ. ರತನಗಡ

ಮೂರನೇ ದಿನ. ಹಣಮಂತರಾಯರೇ, ನಾನು ಜೇವರ್ಗಿ ಬಸ್ ಸ್ಟ್ಯಾಂಡಿನಲ್ಲಿಲ್ಲ. ಕಬ್ಬಿಣದ ಏಣಿ ಏರಿ, ಬಂಡೆಯ ಬಾಗಿಲು ದಾಟಿ, ಮೊದಲನೆಯ ಶಿಖರದ ಮೇಲೆ ಕೂತಿದ್ದೇನೆ. ಇಲ್ಲಿ ಬಂಡೆಯ ನಡುವೆ ಸೂಜಿಯ ಕಣ್ಣಿನಂಥ ಒಂದು ತೂತಿದೆ. ಅದರೊಳಗಿಂದ ಗಾಳಿ ನುಗ್ಗಿ ಬಂದು ಈ ಹಾಳೆಯನ್ನು ಹರಿಯಲು ನೋಡುತ್ತಿದೆ.

ಮಾಳಿಗೆಯ ಏಣಿಯನ್ನು ದಿನಕ್ಕೆ ಎಂಬತ್ತು ಸಲ ಏರಿದ್ದು ಸುಳ್ಳಾಗಲಿಲ್ಲ. ಕಾಲು ಗಟ್ಟಿ ಇದೆ. ಹೆಗಲು ಮಾತ್ರ ಕೆಟ್ಟಿದೆ. ಚೀಲದ ಪಟ್ಟಿ ಎಡ ಹೆಗಲ ಚರ್ಮ ಸುಲಿದಿದೆ. ನರ್ಸಮ್ಮ ಮುಲಾಮು ಹಚ್ಚಲು ಬಂದಳು. ಬೇಡ, ತಾನೇ ಆರುತ್ತದೆ ಎಂದೆ.

೧೬ ಅಕ್ಟೋಬರ್, ಗುರುವಾರ

ಆರಲಿಲ್ಲ.

೧೮ ಅಕ್ಟೋಬರ್, ಶನಿವಾರ. ಹರಿಶ್ಚಂದ್ರಗಡ

ಎರಡು ದಿನ ಕಾಡಿನೊಳಗೆ ನಡೆದು ಎರಡನೆಯದನ್ನೂ ಏರಿದೆವು. ಸುಬೇದಾರರ ಜೊತೆ ಜಗಳವೂ ಆಯಿತು.

ಎರಡೂ ಹೆಗಲು ಹುಣ್ಣಾಗಿದ್ದರಿಂದ ಬೆಳಿಗ್ಗೆ ಸಿಂಬಿ ತೆಗೆದು ಚೀಲವನ್ನು ತಲೆಯ ಮೇಲೆ ಇಟ್ಟುಕೊಂಡೆ. ಆಹಾ, ಸ್ವರ್ಗ. ಹೊಟ್ಟೆಗೆ ಹಾಲೆರೆದಂತಾಯಿತು. ಜೊತೆಗಿದ್ದ ಪುಣೆಯ ಇಬ್ಬರು ಗಂಡಸರು ನಕ್ಕರು, ನಗಲಿ. ಒಂದು ತಾಸು ಎಲ್ಲರಿಗಿಂತ ಮುಂದೆ ನಡೆದೆ. ಅಷ್ಟರಲ್ಲಿ ಸುಬೇದಾರರು ನೋಡಿದರು.

"ಕೆಳಗ ಇಳಸ್ರಿ ಅದನ್ನ. ಇದು ಮೊಸರು ಮಾರೋ ಕೆಲಸ ಅಲ್ಲ."

"ಮೊಸರು ಮಾರೋರೇ ದಿನಾ ಹನ್ನೆರಡು ಮೈಲು ನಡೀತಾರ್ರಿ, ನಿಮ್ಮಂಗ ನಡುನಡುವ ಕೂಡಂಗಿಲ್ಲ."

"ಬಂಡೆಗಲ್ಲ ಮ್ಯಾಲ ಕಾಲು ಜಾರಿದ್ರ?"

"ನನ್ನ ಚೀಲ ನಾನೇ ಹೊತ್ತೇನಿ. ಎಲ್ಲಿ ಹೊರಬೇಕು ಅಂತ ನಿಮ್ಮ ರೂಲ್‌ನಾಗಿಲ್ಲ."

ಸುಬೇದಾರರು "ಇವತ್ತಿಂದ ಅದ" ಎಂದು ಮುಂದೆ ಹೋದರು. ಮತ್ತೆ ಬೆನ್ನಿಗೆ ಹಾಕಿಕೊಂಡೆ. ಗಂಡಸರಿಗೆ ರೂಲು ಮಾಡುವುದು ಎಷ್ಟು ಸಲೀಸು. ಹಣಮಂತರಾಯರಿಗೂ ಇವರಿಗೂ ಒಂದೇ ಅಚ್ಚು.

ಸಂಜೆ ಕೊಂಕಣದ ಕಡೆಯ ಕಡಿದಾದ ಅಂಚಿಗೆ ಕರೆದೊಯ್ದು ಹೊಟ್ಟೆಯ ಮೇಲೆ ಮಲಗಿಸಿ ಕೆಳಗೆ ನೋಡಲು ಹೇಳಿದರು. ಕೆಳಗಿನ ಊರು ಕಾಳು ಚೆಲ್ಲಿದ ಹಾಗೆ ಕಂಡಿತು. ನರ್ಸಮ್ಮ ಕಣ್ಣು ಮುಚ್ಚಿಕೊಂಡು ದುವಾ ಓದುತ್ತಿದ್ದಳು. ನಾನು ಮುಚ್ಚಲಿಲ್ಲ. ಇನ್ನು ಒಂದೇ ಶಿಖರ, ಅದು ಮುಗಿದರೆ ಕಾಗದ ನನ್ನ ಕೈಯಲ್ಲಿ, ಹತ್ತು ಹುಡುಗಿಯರು ಡಿಸೆಂಬರಿಗೆ ಇಲ್ಲೇ ಹೀಗೇ ಮಲಗಿ ನೋಡುತ್ತಾರೆ.

೧೯ ಅಕ್ಟೋಬರ್, ಭಾನುವಾರ

ಇವತ್ತು ಬರೆಯುವುದಿಲ್ಲ.

೨೦ ಅಕ್ಟೋಬರ್, ಸೋಮವಾರ. ಪಾಚನೈ

ಬರೆಯಬೇಕು. ಚಲೋದ್ದನ್ನಷ್ಟೇ ಬರೆದರೆ ಅದು ದಿನಚರಿಯಲ್ಲ, ಇನ್‌ಸ್ಪೆಕ್ಟರಿಗೆ ತೋರಿಸುವ ವರದಿ.

ನಿನ್ನೆ ಬೆಳಿಗ್ಗೆ ಗಡದಿಂದ ಈ ಊರಿಗೆ ಇಳಿಯಬೇಕಿತ್ತು. ದಾರಿ ಬಂಡೆಯ ಗೋಡೆಯನ್ನು ಬಳಸಿ ಸುತ್ತು ಹಾಕಿ ಬರುತ್ತದೆ. ಸುಬೇದಾರರು ಉಳಿದವರ ಜೊತೆ ಮುಂದೆ ಹೋದರು. ನಾವಿಬ್ಬರು ಹಿಂದೆ. ಒಂದು ತಿರುವಿನಲ್ಲಿ ಕೆಳಗೆ ಊರು ಕಂಡಿತು. ಹೆಂಚು, ಹುಲ್ಲಿನ ಬಣವೆ, ಅಂಗಳದಲ್ಲಿ ಒಣಹಾಕಿದ ಕೆಂಪು ಸೀರೆ. ದಾರಿ ನೋಡಿದರೆ ಊರಿಗೆ ಬೆನ್ನು ತಿರುಗಿಸಿ ಆ ಕಡೆ ಹೋಗುತ್ತಿದೆ.

ಹೆಗಲು ಉರಿಯುತ್ತಿತ್ತು. ಸುಬೇದಾರರ ಮೇಲಿನ ಸಿಟ್ಟು ಅದಕ್ಕಿಂತ ಹೆಚ್ಚು ಉರಿಯುತ್ತಿತ್ತು. "ಇಷ್ಟು ಸುತ್ತು ಯಾಕ್ರಿ? ಅಗೋ, ಅಲ್ಲೇ ಕಾಣತದ" ಎಂದೆ.

"ದಾರಿ ಬಿಡಬ್ಯಾಡ್ರಿ ಬಾಯಿ" ಎಂದಳು ನಜಮುನ್ನಿಸಾ. "ಸುಬೇದಾರ ಹೇಳ್ಯಾನ."

"ಹೆದರಿಕಿ ಆದ್ರ ನೀವು ಸುತ್ತಿ ಬರ್ರಿ."

ನಾನೊಬ್ಬಳೇ ಹೋದರೆ ಹೇಗೆ ಎಂದು ಅವಳೂ ಬಂದಳು. ಎದೆಯೆತ್ತರದ ಹುಲ್ಲು. ಊರನ್ನೇ ಕಣ್ಣಲ್ಲಿ ಇಟ್ಟುಕೊಂಡು, ಅಂದೋಲಾದ ಗೋಪುರ ನೋಡುತ್ತ ಹೊಲದೊಳಗೆ ನಡೆದ ಹಾಗೆ, ಮೂಗಿನ ನೇರಕ್ಕೆ ಇಳಿದೆ. ಮುಕ್ಕಾಲು ತಾಸು. ಕೋಳಿ ಕೂಗಿದ್ದು ಕೇಳಿತು. ಯಾರೋ ಒಬ್ಬಳು ಯಾರನ್ನೋ ಬೈಯುವುದು ಕೇಳಿತು. ಕೆಂಪು ಸೀರೆಯ ಅಂಚು ಕಂಡಿತು. ಆಮೇಲೆ ಹುಲ್ಲು ಮುಗಿಯಿತು, ನೆಲವೂ ಮುಗಿಯಿತು.

ಹತ್ತು ಆಳು ಒಬ್ಬರ ಮೇಲೊಬ್ಬರು ನಿಂತರೂ ಮುಟ್ಟದಷ್ಟು ಆಳ. ಅದರ ಕೆಳಗೆ ಊರು. ಅಂಗಳದ ಹೆಂಗಸು ಕತ್ತೆತ್ತಿ ನಮ್ಮನ್ನು ನೋಡಿ, ಕೈಯನ್ನು ದೊಡ್ಡದಾಗಿ ತಿರುಗಿಸಿ ಸುತ್ತಿ ಬನ್ನಿ ಎಂದು ತೋರಿಸಿದಳು. ಮೂವತ್ತೆರಡು ವರ್ಷ ನಾನು ನಂಬಿದ ಒಂದು ಮಾತು ಅಲ್ಲಿ, ಆ ಅಂಚಿನಲ್ಲಿ, ಸುಳ್ಳಾಯಿತು. ಗುಡ್ಡದ ನಾಡಿನಲ್ಲಿ ಕಂಡದ್ದು ಮುಟ್ಟುವುದಿಲ್ಲ. ಇಲ್ಲಿನ ಕೂಸಿಗೂ ಇದು ಗೊತ್ತಿರುತ್ತದೆ.

ತಿರುಗಿ ಏರುವಾಗ ಸಡಿಲ ಕಲ್ಲಿನ ಮೇಲೆ ನಜಮುನ್ನಿಸಾ ಜಾರಿದಳು. ಕಾಲಿನ ಕೀಲು ಟಕ್ ಎಂದದ್ದು ನನಗೇ ಕೇಳಿಸಿತು. ಅವಳೇ ತನ್ನ ಪಾದ ಒತ್ತಿ ನೋಡಿ, "ಮುರದಿಲ್ಲ, ಉಳುಕ್ಯದ. ನನ್ನ ಓಢಣಿ ತಗೊಂಡು ಬಿಗೀ ಸುತ್ರಿ. ಹಂಗಲ್ಲ, ಎಂಟರ ಅಂಕಿಯಂಗ" ಎಂದು ಪಾಠ ಹೇಳಿದಳು. ಎರಡನೆಯ ಸಲ ಸರಿಯಾಗಿ ಸುತ್ತಿದೆ. ತಪ್ಪಾಯಿತು ಎಂದೆ. "ಫಿಕರ್ ಮಾಡಬ್ಯಾಡ್ರಿ. ಹೆರಿಗಿ ಟೈಮಿಗೆ ಬೈಯೋ ಹೆಂಗಸರನ್ನ ನೋಡಿ ನೋಡಿ ನನಗ ಬೈಯೋದೇ ಮರತದ" ಎಂದಳು.

ಅವಳ ಚೀಲ ಬೆನ್ನಿಗೆ, ನನ್ನ ಚೀಲ ಸಿಂಬಿಯ ಮೇಲೆ, ಅವಳ ಕೈ ನನ್ನ ಹೆಗಲ ಮೇಲೆ. ಸರಿಯಾಗಿ ಹುಣ್ಣಿನ ಮೇಲೆ. ದಾರಿಗೆ ಬರಲು ಎರಡು ತಾಸು, ದಾರಿಯಿಂದ ಇಳಿಯಲು ನಾಲ್ಕು. ನನ್ನ ಬಾಟಲಿ ಎಲ್ಲೋ ಬಿದ್ದಿತ್ತು, ಅವಳದರಲ್ಲಿ ಕುಡಿದೆವು. ಅವಳ ಡಬ್ಬಿಯಲ್ಲಿ ಖರ್ಜೂರ ಇದ್ದವು, ಎಂಟು. ನಾಲ್ಕು ನಾಲ್ಕು ತಿಂದೆವು.

ಹುಡುಗಿಯರ ವಿಷಯ ಅವಳಿಗೆ ಮೊದಲ ಸಲ ಹೇಳಿದ್ದು ಹಾಗೆ ಇಳಿಯುವಾಗಲೇ. ಎಲ್ಲಾ ಕೇಳಿ ಕುಂಟುತ್ತ ಒಂದು ತಿರುವು ದಾಟಿದಳು. ಆಮೇಲೆ, "ಕೇಳ್ರಿ. ದಾರಿ ಮ್ಯಾಲೇ ಕಾಲು ಉಳುಕ್ತು ಅಂತ ಹೇಳ್ತೇನಿ. ಊರ ಹತ್ರ ಬಂದಿಂದ ನನ್ನ ಚೀಲ ನಾ ಹೊತ್ಕೊತೇನಿ. ಹತ್ತು ಹೆಜ್ಜಿ ಅಷ್ಟೇ. ಯಾರು ನೋಡ್ಯಾರ? ನನಗ ಆ ಕಾಗದ ತಗೊಂಡು ಏನ್ ಮಾಡೋದದ, ನಿಮಗ ಬೇಕು" ಎಂದಳು.

ನಾನು ಬೇಡ ಎನ್ನಲಿಲ್ಲ. ಇದನ್ನೂ ಬರೆದಿಡುತ್ತೇನೆ. ಒಂದು ತಾಸು ಬೇಡ ಎನ್ನಲಿಲ್ಲ. ಹತ್ತೂ ಹೆಸರನ್ನು ಹಾಜರಿ ಕರೆದ ಹಾಗೆ ಮನಸ್ಸಿನಲ್ಲೇ ಕರೆಯುತ್ತ ನಡೆದೆ. ದೀಪ ಹಚ್ಚುವ ಹೊತ್ತಿಗೆ ಊರ ಮೊದಲ ಮನೆ ಬಂತು. ಅವಳು ನಿಂತು ಚೀಲಕ್ಕೆ ಕೈ ಚಾಚಿದಳು.

ಏಳು ವರ್ಷದಿಂದ ನಾನು ಹುಡುಗಿಯರಿಗೆ ಕಲಿಸಿದ್ದು ಒಂದೇ. ಸೀಟಿ ಊದುವ ಮುಂಚೆ ಒಂದು ಹೆಜ್ಜೆ ಕದ್ದರೂ ಓಟ ಕೆಟ್ಟಿತು, ಗೆದ್ದರೂ ಕೆಟ್ಟಿತು. ಮರೆಮ್ಮ ಒಮ್ಮೆ ಕದ್ದಾಗ ಜಿಲ್ಲಾ ಮಟ್ಟದ ಮೈದಾನದಲ್ಲೇ ಹೊರಗೆ ನಿಲ್ಲಿಸಿದ್ದೆ. ಆ ಹುಡುಗಿ ಅತ್ತಿದ್ದಳು.

"ಬ್ಯಾಡ. ನಡೀರಿ" ಎಂದೆ.

ಒಂದು ಬೆನ್ನಿಗೆ, ಒಂದು ತಲೆಗೆ, ಹಾಗೇ ಊರೊಳಗೆ ಹೋದೆ. ಸಿಂಬಿಯ ಮೇಲೆ ಹೊರೆ ಇದ್ದರೆ ತಲೆ ತಗ್ಗಿಸಲು ಬರುವುದೂ ಇಲ್ಲ. ನಮ್ಮನ್ನು ಹುಡುಕಲು ಕಂದೀಲು ಹಿಡಿದು ಹೊರಟಿದ್ದ ಸುಬೇದಾರರು ಎದುರಿಗೇ ಸಿಕ್ಕರು.

"ಯಾರ ಚೀಲ ಅವು?"

"ಒಂದು ನಂದು, ಒಂದು ನಜಮುನ್ನಿಸಾಂದು. ದಾರಿ ಬಿಟ್ಟಿದ್ದು ನಾ. ಆಕಿ ಬ್ಯಾಡ ಅಂದಿದ್ಲು. ಬರೆದಿಟ್ಕೊರ್ರಿ."

ಬರೆದುಕೊಂಡರು. ಮೊದಲು ನಜಮಾಳನ್ನು ಮನೆಯೊಂದರಲ್ಲಿ ಕೂರಿಸಿ, ಬಿಸಿನೀರು ತರಿಸಿ, ಆಮೇಲೆ ಬರೆದುಕೊಂಡರು.

ಇವತ್ತು ಬೆಳಿಗ್ಗೆ ಕರೆದು ಹೇಳಿದರು: "ಚೀಲ ಹೊತ್ತದ್ದು ಬಿಡಬಹುದಿತ್ತು. ದಾರಿ ಬಿಟ್ಟದ್ದು ಬಿಡಾಕ ಬರಂಗಿಲ್ಲ. ಸರ್ಟಿಫಿಕೇಟ್ ಇಲ್ಲ."

ಅಳಬಾರದು ಎಂದಿದ್ದರಲ್ಲ, ಅಳಲಿಲ್ಲ. ಬಣವೆಯ ಹಿಂದೆ ಹೋಗಿ ಅತ್ತೆ. ಬಂದು ಕೇಳಿದೆ: "ಮೂರನೇ ಗುಡ್ಡ ಏರಾಕ ಕಾಗದ ಬೇಕೇನ್ರಿ?"

"ಗುಡ್ಡಕ್ಕ ಬಾಗಲಾ ಇಲ್ಲ" ಎಂದರು.

"ಹಂಗಾದ್ರ ಬರ್ತೇನಿ."

೨೨ ಅಕ್ಟೋಬರ್, ಬುಧವಾರ. ಬಾರಿ

ಮೂರನೆಯದು ಕಳಸೂಬಾಯಿ ಶಿಖರ. ಈ ಸೀಮೆಯಲ್ಲೇ ಎಲ್ಲಕ್ಕಿಂತ ಎತ್ತರದ್ದಂತೆ. ಅದರ ಬುಡದ ಊರಾದ ಬಾರಿಯಲ್ಲಿ ನಾವು ಇಳಿದ ಮನೆಯ ಮುದುಕಿ ಅದರ ಕಥೆ ಹೇಳಿದಳು. ಕಳಸೂ ಎಂಬ ಹುಡುಗಿ ಒಂದು ಮನೆಗೆ ಕೆಲಸಕ್ಕೆ ಸೇರುವಾಗ, ಕಸ ಹೊಡೆಯುವುದಿಲ್ಲ, ಮುಸುರೆ ತಿಕ್ಕುವುದಿಲ್ಲ ಎಂದು ಕರಾರು ಮಾಡಿದ್ದಳಂತೆ. ಒಂದು ದಿನ ಮನೆಯವರು ಬಲವಂತ ಮಾಡಿದರು. ಹುಡುಗಿ ಅದಷ್ಟು ಮಾಡಿ ಮುಗಿಸಿ, ಸೀದಾ ಗುಡ್ಡ ಏರಿ ಹೋದಳು. ಇಳಿಯಲೇ ಇಲ್ಲ. ಈಗ ದೇವರು.

"ಮೂರನೇ ದಿನಕ್ಕ ಬರ್ತಾಳ ಅಂದಿರಬೇಕು ಅವರೂ" ಎಂದೆ. ನಜಮಾ ಕಟ್ಟಿದ ಕಾಲು ಚಾಚಿಕೊಂಡು ಕೂತಲ್ಲೇ ನಕ್ಕಳು. "ಹೋಗ್ರಿ, ನಾ ಇಲ್ಲೇ ಕುಂತು ನೋಡ್ತೇನಿ. ಅಗೋ, ಅಲ್ಲೇ ಕಾಣತದಲ್ಲ" ಎಂದಳು. ಇನ್ನು ಜೀವ ಇರುವ ತನಕ ಈ ಮಾತಿನಿಂದ ನನ್ನನ್ನು ಕಾಡುತ್ತಾಳೆ.

ಹೆಗಲಿಗೆ ಅವಳ ಮುಲಾಮು, ಅದರ ಮೇಲೆ ಸಿಂಬಿಯ ಬಟ್ಟೆಯನ್ನೇ ಹರಿದು ಮಾಡಿದ ಎರಡು ಮೆತ್ತೆ. ಪಟ್ಟಿ ಉಜ್ಜಲಿಲ್ಲ. ಕಟ್ಟಿಗೆ ಹೊರುವ ಇಬ್ಬರು ಹೆಂಗಸರು ಸಿಕ್ಕರು, ದಾರಿ ಯಾವುದು ಎಂದು ಕೇಳಿದೆ. ಕವಲು ಬಂದಲ್ಲೆಲ್ಲ ನಿಂತು ಕೇಳಿದೆ. ಸರಪಳಿ ಹಿಡಿದು ಏರುವಲ್ಲಿ ಸುಬೇದಾರರು ಮೇಲಿನಿಂದ "ಎಡಗಾಲು" ಎಂದರು, ಎಡಗಾಲು ಇಟ್ಟೆ. "ತಡೀರಿ" ಎಂದರು, ತಡೆದೆ.

ಮೇಲೆ ಒಂದು ಪುಟ್ಟ ಗುಡಿ, ಗಾಳಿ, ಸುತ್ತಲೂ ಗುಡ್ಡದ ಹಿಂದೆ ಗುಡ್ಡ. ಕೊರಳ ಲಿಂಗವನ್ನು ಅಂಗೈಯಲ್ಲಿಟ್ಟು, ನಜಮಾ ಕೊಟ್ಟ ಬಾಟಲಿಯ ನೀರು ಹಾಕಿ ಪೂಜೆ ಮಾಡಿಕೊಂಡೆ. ಆಮೇಲೆ ಎಷ್ಟೋ ಹೊತ್ತು ಸುಮ್ಮನೆ ಕೂತೆ. ಏನು ಯೋಚಿಸಿದೆ ಎಂದು ಈಗ ನೆನೆದರೆ ನೆನಪಾಗುತ್ತಿಲ್ಲ. ಖುಷಿಯಾಗಿತ್ತು. ಅವ್ವ ಹೇಳಿದ್ದು ನಿಜ, ಅಲ್ಲಿ ಏನೂ ಸಿಗುವುದಿಲ್ಲ. ಬಾರಿಯ ಕಡೆ ತಿರುಗಿ ಟವೆಲು ಬೀಸಿದೆ.

ಇಳಿದ ಮೇಲೆ ಕೇಳಿದೆ, ಟವೆಲು ಕಂಡಿತಾ ಎಂದು.

"ಕಂಡ್ತು" ಎಂದಳು ನಜಮಾ.

ಸುಳ್ಳು. ಅಲ್ಲಿಂದ ಗುಡಿಯೇ ಕಾಣುವುದಿಲ್ಲ.

೨೪ ಅಕ್ಟೋಬರ್, ಶುಕ್ರವಾರ. ಸೊಲ್ಲಾಪುರ ಸ್ಟೇಷನ್

ಉಳಿದ ಏಳು ಮಂದಿಗೆ ಪ್ಲಾಟ್‌ಫಾರಂ ಮೇಲೆ ಸರ್ಟಿಫಿಕೇಟು ಕೊಟ್ಟರು. ಚಪ್ಪಾಳೆ ಹೊಡೆದೆ. ಎಲ್ಲ ಮುಗಿದ ಮೇಲೆ ಸುಬೇದಾರರನ್ನು ಒಂದು ಮಾತು ಕೇಳಿದೆ: ಹುಡುಗಿಯರ ಶಿಬಿರಕ್ಕೆ ಹೆಡ್‌ಮಾಸ್ತರರ ಸಹಿ ಇಲ್ಲದಿದ್ದರೆ ಆಗುವುದೇ ಇಲ್ಲವೇ?

"ಸಾಲಿ ನಡದಾಗ ಹೆಡ್‌ಮಾಸ್ತರನ ಸಹಿ. ಸಾಲಿ ಸೂಟಿ ಇದ್ದಾಗ ಮನಿಯವರದು. ರೂಲ್" ಎಂದರು. ಮತ್ತೆ ತಾವಾಗಿಯೇ ಹೇಳಿದರು: "ಮೇ ತಿಂಗಳದಾಗೂ ಒಂದು ಶಿಬಿರ ಅದ. ಬಿಸಿಲು ಅಂತ ಯಾರೂ ಬರಂಗಿಲ್ಲ."

"ನಾವು ಜೇವರ್ಗಿಯವ್ರು" ಎಂದೆ. "ಅಲ್ಲಿನ ಬಿಸಿಲು ನಮಗ ನೆರಳು."

ಆಗ ನಕ್ಕರು. ಹಲ್ಲು ಒಂದೂ ಸರಿ ಇಲ್ಲ.

೨೭ ಅಕ್ಟೋಬರ್, ಸೋಮವಾರ. ಜೇವರ್ಗಿ

ಶಾಲೆ ಶುರುವಾಯಿತು. ಸ್ಟಾಫ್‌ರೂಮಿನಲ್ಲಿ ಎಲ್ಲರೂ ಇದ್ದರು. ಹಣಮಂತರಾಯರು ಟೇಬಲ್ಲಿನ ಮೇಲೆ ಜಾಗ ಮಾಡಿ, "ಮೂರನೇ ದಿನಕ್ಕ ಬರಲಿಲ್ಲ, ಸೋತೆ ಅಂತ ಒಪ್ತೇನಿ. ಇಡ್ರಿ ಕಾಗದ" ಎಂದರು.

ಇಲ್ಲ ಎಂದೆ. ಏನಾಯಿತು ಎಂದು ಎಲ್ಲ ಹೇಳಿದೆ, ನೆಲ ಮುಗಿದದ್ದೂ ಸೇರಿ. ಗಣಿತದ ಮಾಸ್ತರರು ಕಿಸಕ್ಕನೆ ನಕ್ಕರು. ಹಣಮಂತರಾಯರು ನಗಲಿಲ್ಲ. "ಇದಕ್ಕೇ ನಾ ಹೆದರಿದ್ದು ಬಾಯಾರ. ಹುಡುಗ್ಯಾರಾಗಿದ್ರ?" ಎಂದರು. ಆ ಮಾತು ಸುಳ್ಳಲ್ಲ.

"ಅದಕ್ಕೇ ಮೊದಲು ನಾ ಹೋಗಿ ತಪ್ಪು ಮಾಡಿ ಬಂದೇನಿ. ಅವರು ಆ ತಪ್ಪು ಮಾಡಂಗಿಲ್ಲ."

"ಸಹಿ ಮಾತ್ರ ಇಲ್ಲ."

"ಬ್ಯಾಡ್ರಿ. ಒಂದು ಮಾತು ಹೇಳ್ರಿ, ಬೇಸಿಗಿ ಸೂಟಿಯಾಗ ಈ ಹುಡುಗ್ಯಾರು ಯಾರ ಹುಡುಗ್ಯಾರು?"

"ಅವರವರ ಅವ್ವ ಅಪ್ಪನವ್ರು. ಮತ್ತ್ಯಾರವ್ರು?"

"ಬರೆದಿಟ್ಕೊರ್ರಿ" ಎಂದು ಹೊರಗೆ ಬಂದೆ.

ಬನ್ನಿ ಎಲೆಯ ನೆನಪಾದದ್ದು ಈಗ, ಇದನ್ನು ಬರೆಯುವಾಗ. ಪುಸ್ತಕ ಜಾಡಿಸಿ ನೋಡಿದೆ, ಇಲ್ಲ. ಯಾವ ಗುಡ್ಡದಲ್ಲಿ ಬಿತ್ತೋ.

೧೬ ನವೆಂಬರ್, ಭಾನುವಾರ

ಇಪ್ಪತ್ತು ದಿನದಲ್ಲಿ ಹತ್ತು ಮನೆ ತಿರುಗಿದೆ. ಎರಡು ಮನೆಯಲ್ಲಿ ಬಾಗಿಲು ಹಾಕಿಕೊಂಡರು. ಒಂದು ಮನೆಯಲ್ಲಿ ಅಪ್ಪ ಗದರಿದ, ಅವನ ಹಿಂದೆ ನಿಂತ ಹೆಂಡತಿ ಆಮೇಲೆ ಓಣಿಯ ತುದಿಯ ತನಕ ಬಂದು ಹೆಬ್ಬೆಟ್ಟು ಒತ್ತಿ ಹೋದಳು. ಮರೆಮ್ಮನ ಅವ್ವನಿಗೆ ಸುಳ್ಳು ಹೇಳಲಿಲ್ಲ. ಬಿದ್ದರೂ ಬೀಳಬಹುದು, ನಾನು ಬಿದ್ದಿಲ್ಲ, ಜೊತೆಯವಳು ಬಿದ್ದಳು, ಅದು ನನ್ನ ತಪ್ಪು ಎಂದೆ. ಅವಳು "ಬಿದ್ದದ್ದು ಹೇಳಾಕತ್ತೀರಿ ಅಂದ್ರ ಕಳಸ್ತೇನಿ" ಎಂದು ಕೈ ಚಾಚಿದಳು. ಎಂಟು ಹೆಬ್ಬೆಟ್ಟುಗಳಾದವು. ಇದೇ ಪುಸ್ತಕದ ಹಿಂದಿನ ಹಾಳೆಯಲ್ಲಿವೆ. ನಜಮಾಳ ಕಾಗದ ಬಂದಿದೆ, ಕಾಲು ನೆಟ್ಟಗಾಯಿತು, ಮೇ ತಿಂಗಳಿಗೆ ರಜೆ ಬರೆದುಕೊಟ್ಟಿದ್ದೇನೆ, ಅತ್ತೆ ಮಾತು ಬಿಟ್ಟಿದ್ದಾಳೆ ಎಂದು.

ಇವತ್ತು ಬೆಳಿಗ್ಗೆ ಎಂಟೂ ಮಂದಿ ಜೋಳದ ಚೀಲ ಹೊತ್ತು ಹೆದ್ದಾರಿಯ ಬದಿಗೆ ನಡೆದರು. ಹೋಗುವಾಗ ಬೆನ್ನಿನ ಮೇಲೆ, ಬರುವಾಗ ಸಿಂಬಿಯ ಮೇಲೆ. ಎರಡೂ ಗೊತ್ತಿರಲಿ. ಲಾರಿಯವರು ಹಾರ್ನು ಹೊಡೆದರು, ಹುಡುಗಿಯರು ತಲೆ ತಿರುಗಿಸಲಿಲ್ಲ, ತಿರುಗಿಸಲು ಬರುವುದಿಲ್ಲವಲ್ಲ. ಚಹಾ ಅಂಗಡಿಯ ಮುಂದೆ ಯಾರೋ ಎದ್ದು ನಿಂತು ನೋಡುತ್ತಿದ್ದರು. ಹಣಮಂತರಾಯರಿರಬೇಕು. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು, ಸರಿಯಾಗಿ ನೋಡಲಿಲ್ಲ.

ತೊಗರಿ ಹೊಲದ ಹತ್ತಿರ ಮರೆಮ್ಮ ನಿಂತಳು. ಹೂವಾಡುವ ತೊಗರಿ, ಅದರಾಚೆ ತೊಗರಿ, ಅದರಾಚೆ ಆಕಾಶ.

"ಟೀಚರ್, ನೋಡಿ ಬಂದು ಹೇಳ್ತೇನಿ ಅಂದಿದ್ರಿ. ಗುಡ್ಡ ಎಷ್ಟು ದೂರ ಅದ್ರಿ?"

ಬೆರಳು ಎತ್ತಿದೆ. ಮತ್ತೆ ಇಳಿಸಿದೆ.

"ಇಲ್ಲಿಂದ ಕಾಣಂಗಿಲ್ಲ" ಎಂದೆ. "ಆದ್ರ ಮುಟ್ಟತದ."